ಬೆಕ್ಕಿಗೂ ನೆಗಡಿಯೇ? ಸೀನು ನಿಲ್ಲದಿದ್ದರೆ ಏನು ಮಾಡಬೇಕು

ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಒಂದು ಕ್ಷಣ ಕುಳಿತು, ಗುಟುಕು ನೀರು ಕುಡಿದು ಹೊರಡುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಬೆಕ್ಕು ಅಡ್ಡ ಬಂದರೂ ಹಾಗೆಯೇ. ಹಾಗಿರುವಾಗ ಬೆಕ್ಕೇ ಸೀನಿದರೆ? ಶಕುನದ ಮಾತು ಏನೇ ಇರಲಿ, ಬೆಕ್ಕಿನ ಸೀನು ಅಪರೂಪಕ್ಕೊಮ್ಮೆ ಬಂದರೆ ಅದಕ್ಕೆ ಅರ್ಥವೇನೂ ಇಲ್ಲ. ದಿನಕ್ಕೆ ಹತ್ತಾರು ಸಲ, ಬಿಟ್ಟುಬಿಟ್ಟು ಹಲವು ದಿನ ಬಂದರೆ ಮಾತ್ರ ಅದು ಮನೆಯವರಿಗೆ ಏನನ್ನೋ ಹೇಳುತ್ತಿದೆ.

ಆ ಮಾತು ಅರ್ಥವಾಗದೆ ಮನೆಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಮಕ್ಕಳ ನೆಗಡಿಗೆ ತಂದಿಟ್ಟ ಮಾತ್ರೆಯ ಚೂರನ್ನು ಬೆಕ್ಕಿಗೂ ಕೊಡುವುದು. ಇನ್ನೊಂದು, "ರೋಗ ಮಕ್ಕಳಿಗೆ ಅಂಟೀತು" ಎಂದು ಹೆದರಿ ಬೆಕ್ಕನ್ನು ಚೀಲಕ್ಕೆ ಹಾಕಿ ದೂರದ ಮಾರುಕಟ್ಟೆಯಲ್ಲಿ ಬಿಟ್ಟುಬರುವುದು. ಮೊದಲನೆಯದು ಬೆಕ್ಕನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಹುದು. ಎರಡನೆಯದು ನಿಧಾನವಾಗಿ ಕೊಲ್ಲುತ್ತದೆ. ಎರಡಕ್ಕೂ ಕಾರಣ ಕ್ರೌರ್ಯವಲ್ಲ, ತಿಳಿವಳಿಕೆಯ ಕೊರತೆ.

ಸೀನು ಎಂಬ ಕಾವಲುಗಾರ

ಸೀನು ರೋಗವಲ್ಲ, ರಕ್ಷಣೆಯ ಉಪಾಯ. ಮೂಗಿನ ಒಳಪದರದಲ್ಲಿರುವ ನರತುದಿಗಳಿಗೆ ಧೂಳು, ಹೊಗೆ ಅಥವಾ ಲೋಳೆ ತಾಗಿದಾಗ ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟುತ್ತದೆ. ಅಲ್ಲಿಂದ ಆಜ್ಞೆ ಹೊರಟು, ಪ್ರಾಣಿ ಉಸಿರೆಳೆದುಕೊಂಡು ರಭಸದಿಂದ ಮೂಗಿನ ಮೂಲಕ ಹೊರದಬ್ಬುತ್ತದೆ. ಬಾಗಿಲಲ್ಲಿ ನಿಂತ ಕಾವಲುಗಾರ ಅಪರಿಚಿತನನ್ನು ಆಚೆ ನೂಕಿದ ಹಾಗೆ.

ಬೆಕ್ಕಿಗೆ ಮೂಗು ನಮಗಿಂತ ಹೆಚ್ಚು ಮುಖ್ಯ. ಅದು ಆಹಾರವನ್ನು ಕಣ್ಣಿನಿಂದಲ್ಲ, ವಾಸನೆಯಿಂದ ಒಪ್ಪಿಕೊಳ್ಳುತ್ತದೆ. ಮೂಗು ಕಟ್ಟಿದ ಬೆಕ್ಕು ಎದುರಿಗೆ ಮೀನಿಟ್ಟರೂ ಮುಖ ತಿರುಗಿಸುತ್ತದೆ. ನೆಗಡಿಯಾದ ಬೆಕ್ಕು ಸೊರಗುವುದು ನೆಗಡಿಯಿಂದಲೇ ಅಲ್ಲ. ಹಸಿವು ಕೆಟ್ಟು ಉಪವಾಸ ಬೀಳುವುದರಿಂದ. ಹಲವು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯ ಬರಬಹುದು. ಆದ್ದರಿಂದ ಸೀನುವ ಬೆಕ್ಕಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಸಲ ಸೀನಿತು?" ಎಂಬುದಲ್ಲ, "ಇವತ್ತು ತಿಂದಿತೇ?" ಎಂಬುದು.

ಮೊದಲು ಮನೆಯೊಳಗೆ ನೋಡಿ

ಎಷ್ಟೋ ಸಲ ಸೀನಿನ ಕಾರಣ ಬೆಕ್ಕಿನ ಮೈಯಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ. ಒಣಮೆಣಸಿನಕಾಯಿ ಹುರಿದಾಗಿನ ಘಾಟು ಮನೆಮಂದಿಗೆಲ್ಲ ಸೀನು ತರಿಸುತ್ತದೆ ಎಂದ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಮೂಗಿಟ್ಟುಕೊಂಡು ಓಡಾಡುವ ಬೆಕ್ಕನ್ನು ಬಿಟ್ಟೀತೇ? ಊದುಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ಸಿಗರೇಟು, ಮುಖದ ಪೌಡರು, ಸುಗಂಧದ ಸ್ಪ್ರೇ, ಹೊಸ ಬಣ್ಣ, ದೀಪಾವಳಿಯ ಪಟಾಕಿ ಹೊಗೆ, ಅಟ್ಟ ಗುಡಿಸಿದ ಧೂಳು ಇವೆಲ್ಲ ಬೆಕ್ಕಿನ ಮೂಗನ್ನು ಕೆರಳಿಸುತ್ತವೆ. ಪೇಟೆಯ ಮನೆಗಳಲ್ಲಿ ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ತಟ್ಟೆಯ ಪುಡಿ ಮಣ್ಣೂ ಧೂಳೆಬ್ಬಿಸುತ್ತದೆ. ಬೆಕ್ಕು ಅದನ್ನು ಕೆದಕಿ ಬಂದ ಕೂಡಲೇ ಸೀನಿದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ.

ನೆಲ ಒರೆಸುವ ಫಿನಾಯಿಲಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು. ಬೆಕ್ಕಿರುವ ಮನೆಯಲ್ಲಿ ಸೋಪಿನ ನೀರಿನಿಂದ ನೆಲ ಒರೆಸುವುದೇ ಕ್ಷೇಮ.

ಹೊಗೆ ಅಥವಾ ಧೂಳಿನ ಸೀನಿಗೆ ಒಂದು ಗುರುತಿದೆ. ಬೆಕ್ಕು ಚುರುಕಾಗಿರುತ್ತದೆ, ತಿನ್ನುತ್ತದೆ, ಮೂಗಿನಿಂದ ನೀರು ಬಂದರೂ ತಿಳಿಯಾಗಿರುತ್ತದೆ. ಕಾರಣ ತೆಗೆದರೆ ಸೀನೂ ನಿಲ್ಲುತ್ತದೆ.

ಎರಡು ವೈರಸ್‌ಗಳು

ಅಂಟುಜಾಡ್ಯದಿಂದ ಬರುವ ಸೀನಿನ ಬಹುಪಾಲಿಗೆ ಎರಡು ವೈರಸ್‌ಗಳು ಹೊಣೆ. ಒಂದು ಬೆಕ್ಕಿನ ಹರ್ಪಿಸ್ ವೈರಸ್, ಇನ್ನೊಂದು ಬೆಕ್ಕಿನ ಕ್ಯಾಲಿಸಿ ವೈರಸ್. ಎರಡೂ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕ್ಯಾಲಿಸಿ ವೈರಸ್ಸನ್ನು 1957ರಲ್ಲಿ ನ್ಯೂಜಿಲೆಂಡಿನಲ್ಲಿ ಫಾಸ್ಟಿಯರ್ ಎಂಬ ವಿಜ್ಞಾನಿ ಬೇರ್ಪಡಿಸಿದರು. ಮರುವರ್ಷ, 1958ರಲ್ಲಿ, ಅಮೆರಿಕದ ಕ್ರಾಂಡಲ್ ಮತ್ತು ಮೌರರ್ ಹರ್ಪಿಸ್ ವೈರಸ್ಸಿನ ವಿವರ ಪ್ರಕಟಿಸಿದರು. ಕ್ಯಾಲಿಸಿ ಎಂಬ ಹೆಸರಿನ ಮೂಲದಲ್ಲಿ ಲ್ಯಾಟಿನ್ ಭಾಷೆಯ ಬಟ್ಟಲು ಇದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಸ್ಸಿನ ಮೈಮೇಲೆ ಪುಟ್ಟ ಬಟ್ಟಲುಗಳಂಥ ಗುಳಿಗಳು ಕಾಣುತ್ತವೆ.

ಇವು ಹರಡುವುದು ಮೂಗು, ಕಣ್ಣು, ಬಾಯಿಯ ದ್ರವದಿಂದ. ಸೀನಿದಾಗ ಸಿಡಿಯುವ ಹನಿಗಳು 1ರಿಂದ 2 ಮೀಟರ್ ದೂರ ಹೋಗಬಲ್ಲವು. ಒಂದೇ ಬಟ್ಟಲಿನಲ್ಲಿ ಉಣ್ಣುವುದು, ಒಂದನ್ನೊಂದು ನೆಕ್ಕುವುದು, ಸೀನಿದ ಬೆಕ್ಕನ್ನು ಮುಟ್ಟಿದ ಕೈಯಿಂದಲೇ ಇನ್ನೊಂದನ್ನು ಎತ್ತಿಕೊಳ್ಳುವುದು ಇಷ್ಟು ಸಾಕು. ಹರ್ಪಿಸ್ ವೈರಸ್ ಹೊರಗೆ ಸುಮಾರು ಒಂದು ದಿನ ಬದುಕಿದರೆ, ಕ್ಯಾಲಿಸಿ ವಾರಗಟ್ಟಲೆ ಬದುಕಬಲ್ಲ ಗಟ್ಟಿ ಜೀವ.

ಎರಡರ ಲಕ್ಷಣಗಳೂ ಮೊದಮೊದಲು ಒಂದೇ ತೆರ. ಸೀನು, ಸೋರುವ ಮೂಗು, ಜ್ವರ, ಮಂಕು. ಆಮೇಲೆ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಹರ್ಪಿಸ್ ಕಣ್ಣಿಗೆ ಹೆಚ್ಚು ಹಾನಿ ಮಾಡುತ್ತದೆ. ಕಣ್ಣು ಕೆಂಪಾಗಿ ಪಿಸುರು ಕಟ್ಟಿ, ಕಪ್ಪು ಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಬಹುದು. ಕ್ಯಾಲಿಸಿಯದು ಬಾಯಿಯ ಕಡೆ ಒಲವು. ನಾಲಗೆಯ ಮೇಲೆ ಹುಣ್ಣೆದ್ದು ಜೊಲ್ಲು ಸುರಿಯುತ್ತದೆ. ಕೆಲವು ಮರಿಗಳು ಕಾಲೂ ಕುಂಟುತ್ತವೆ. ವೈರಸ್ ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾಗಳು ನುಗ್ಗುವುದೂ ಉಂಟು. ಆಗ ತಿಳಿಯಾಗಿದ್ದ ಸಿಂಬಳ ಹಳದಿಯೋ ಹಸಿರೋ ಆಗಿ ಗಟ್ಟಿಯಾಗುತ್ತದೆ. ಕ್ಲಾಮೈಡಿಯಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲು ಒಂದು ಕಣ್ಣನ್ನು, ಕೆಲವು ದಿನಗಳ ನಂತರ ಇನ್ನೊಂದನ್ನು ಹಿಡಿಯುತ್ತದೆ.

ಬೆಳೆದ, ಗಟ್ಟಿಮುಟ್ಟಾದ ಬೆಕ್ಕು ಒಂದರಿಂದ ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಭಯವಿರುವುದು ಎರಡು ತಿಂಗಳೊಳಗಿನ ಮರಿಗಳಿಗೆ, ಮುದಿ ಬೆಕ್ಕುಗಳಿಗೆ ಮತ್ತು ಬೇರೆ ಕಾಯಿಲೆಯಿಂದ ಸೊರಗಿದವಕ್ಕೆ.

ಹೋದೆಯಾ ಎಂದರೆ ಬಂದೆ ಎನ್ನುವ ರೋಗ

"ಔಷಧಿ ಹಾಕಿಸಿ ವಾಸಿಯಾಗಿತ್ತು, ಮತ್ತೆ ಶುರುವಾಯಿತು" ಎಂಬ ದೂರು ಪಶುವೈದ್ಯರಿಗೆ ಹೊಸದಲ್ಲ. ಇದರ ಹಿಂದೆ ಹರ್ಪಿಸ್ ವೈರಸ್ಸಿನ ಒಂದು ಚಾಳಿಯಿದೆ. ರೋಗ ವಾಸಿಯಾದ ಮೇಲೂ ಅದು ಮೈ ಬಿಟ್ಟು ಹೋಗುವುದಿಲ್ಲ. ಮುಖದ ನರಗಳ ಬುಡದಲ್ಲಿ ಅಡಗಿ ಮಲಗಿರುತ್ತದೆ. ಒಮ್ಮೆ ಸೋಂಕು ತಗುಲಿದ ಬೆಕ್ಕುಗಳಲ್ಲಿ ಬಹುಪಾಲು ಜೀವಮಾನವಿಡೀ ಅದನ್ನು ಹೊತ್ತಿರುತ್ತವೆ.

ಮಲಗಿದ್ದ ವೈರಸ್ಸನ್ನು ಎಬ್ಬಿಸುವುದು ಬೆಕ್ಕಿನ ಮನಸ್ಸಿನ ಕಳವಳ. ಮನೆ ಬದಲಾಯಿಸುವುದು, ಹೊಸ ಬೆಕ್ಕೋ ನಾಯಿಯೋ ಬರುವುದು, ಮದುವೆ ಮನೆಯ ಗದ್ದಲ, ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಊರಿಗೆ ಹೋಗಿ ಬೆಕ್ಕನ್ನು ಪರರ ಮನೆಯಲ್ಲಿ ಬಿಡುವುದು, ಮರಿ ಹಾಕುವುದು ಹೀಗೆ ಯಾವುದೂ ಆಗಬಹುದು. ಇಲ್ಲೊಂದು ಸ್ವಾರಸ್ಯವಿದೆ. ಕಳವಳದ ಘಟನೆ ನಡೆದ ದಿನವೇ ಸೀನು ಬರುವುದಿಲ್ಲ. ಸುಮಾರು ಒಂದು ವಾರ ಕಳೆದ ಮೇಲೆ ವೈರಸ್ ಹೊರಬೀಳಲು ತೊಡಗಿ, ಒಂದೆರಡು ವಾರ ಮುಂದುವರಿಯುತ್ತದೆ. ಅಷ್ಟರಲ್ಲಿ ಮನೆಯವರು ಮೂಲ ಘಟನೆಯನ್ನೇ ಮರೆತು, ಹಿಂದಿನ ದಿನ ಕುಡಿಸಿದ ಹಾಲನ್ನೋ ಬಿದ್ದ ಮಳೆಯನ್ನೋ ದೂರುತ್ತಿರುತ್ತಾರೆ.

ಹಾಗಾಗಿ ಇಂಥ ಬೆಕ್ಕಿಗೆ ಬೇಕಾದ ಮುಖ್ಯ ಔಷಧಿ ನೆಮ್ಮದಿ. ಊಟದ ಹೊತ್ತು, ಮಲಗುವ ಜಾಗ, ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇವು ಬದಲಾಗದಂತೆ ನೋಡಿಕೊಂಡರೆ ಸೀನಿನ ಕಾಟ ಎಷ್ಟೋ ಕಡಿಮೆಯಾಗುತ್ತದೆ.

ಬೇರೆ ಕಾರಣಗಳು

ಹುಲ್ಲಿನಲ್ಲಿ ಆಡಿ ಬಂದ ಬೆಕ್ಕು ಇದ್ದಕ್ಕಿದ್ದಂತೆ ಒಂದೇ ಸಮನೆ ಸೀನುತ್ತ, ಮುಂಗಾಲಿನಿಂದ ಮೂಗು ಉಜ್ಜಿಕೊಳ್ಳುತ್ತಿದ್ದರೆ ಹೊಳ್ಳೆಯಲ್ಲಿ ಹುಲ್ಲಿನ ಎಸಳೋ ಮುಳ್ಳೋ ಸಿಕ್ಕಿರಬಹುದು. ಅದನ್ನು ಮನೆಯಲ್ಲಿ ಚಿಮಟದಿಂದ ಕೀಳಲು ಹೋದರೆ ಇನ್ನೂ ಒಳಗೆ ಸರಿಯುತ್ತದೆ. ವೈದ್ಯರು ಅರಿವಳಿಕೆ ಕೊಟ್ಟು ತೆಗೆಯಬೇಕು.

ವಯಸ್ಸಾದ ಬೆಕ್ಕಿನಲ್ಲಿ ಹಲ್ಲನ್ನೂ ಸಂಶಯಿಸಬೇಕು. ಮೇಲಿನ ಕೋರೆಹಲ್ಲಿನ ಬೇರಿಗೂ ಮೂಗಿಗೂ ನಡುವೆ ಇರುವುದು ತೆಳುವಾದ ಮೂಳೆ. ಬೇರು ಕೊಳೆತರೆ ಕೀವು ಮೂಗಿಗೆ ದಾರಿ ಮಾಡಿಕೊಳ್ಳುತ್ತದೆ. ಹಿಂದೆ ಹರ್ಪಿಸ್ ಬಂದು ಮೂಗಿನೊಳಗಿನ ತೆಳು ಎಲುಬುಗಳು ಸವೆದಿದ್ದರೆ ಬೆಕ್ಕು ಜೀವನಪೂರ್ತಿ ಸೀನುತ್ತಲೇ ಇರಬಹುದು. ಪಾರಿವಾಳದ ಹಿಕ್ಕೆಯಿರುವ ಮಣ್ಣಿನಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮೂಗನ್ನು ಹೊಕ್ಕರೆ ಮೂಗಿನ ಮೇಲ್ಭಾಗ ಊದಿಕೊಳ್ಳುತ್ತದೆ. ಎಳೆಯ ಬೆಕ್ಕುಗಳಲ್ಲಿ ಮೂಗಿನ ಹಿಂಭಾಗದಲ್ಲಿ ಬೆಳೆಯುವ ಮಾಂಸದ ಗಂಟು, ಮುದಿ ಬೆಕ್ಕುಗಳಲ್ಲಿ ಕ್ಯಾನ್ಸರ್ ಕೂಡ ಸೀನಿನಿಂದಲೇ ಶುರುವಾಗಬಹುದು. ಬರೀ ಒಂದೇ ಹೊಳ್ಳೆಯಿಂದ ದ್ರವ ಅಥವಾ ರಕ್ತ ಬರುವುದು ಇಂಥವುಗಳ ಮುನ್ಸೂಚನೆ.

ಪೇಟೆಗಳಲ್ಲಿ ಈಗ ಬಹಳ ಪ್ರಿಯವಾಗಿರುವ ಪರ್ಷಿಯನ್ ಬೆಕ್ಕಿನದು ಬೇರೆಯೇ ಕಥೆ. ಚಪ್ಪಟೆ ಮುಖ ಚೆಂದ ಎಂದು ಮನುಷ್ಯ ಅದರ ತಳಿಯನ್ನು ಹಾಗೆ ಬೆಳೆಸಿದ. ಒಳಗೆ ಮೂಗಿಗೆ ಜಾಗವೇ ಇಲ್ಲದಾಯಿತು. ಕಣ್ಣೀರಿನ ನಾಳವೂ ಸೊಟ್ಟಗಾಗಿ ಕಣ್ಣು ಸದಾ ಒಸರುತ್ತದೆ. ನೆಗಡಿ ಬಂದರೆ ಉಳಿದ ಬೆಕ್ಕುಗಳಿಗಿಂತ ಅದಕ್ಕೆ ಕಷ್ಟ ಹೆಚ್ಚು. ಅಂಥ ಮರಿಯನ್ನು ಕೊಳ್ಳುವ ಮುನ್ನ ಈ ಮಾತು ತಿಳಿದಿರಬೇಕು.

ಮನೆಮದ್ದಿನ ಮಿತಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯರ ಯಕೃತ್ತು ಈ ಔಷಧಿಯನ್ನು ಇನ್ನೊಂದು ರಾಸಾಯನಿಕಕ್ಕೆ ಜೋಡಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಆ ಕೆಲಸ ಮಾಡುವ ಕಿಣ್ವದ ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟುನಿಂತಿದೆ. ಹೀಗಾಗಿ ಔಷಧಿ ಒಳಗೇ ಉಳಿದು ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ರಕ್ತ ಆಮ್ಲಜನಕ ಹೊರಲಾರದು. ವಸಡು ಕಂದು ಅಥವಾ ನೀಲಿಗೆ ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಗೊತ್ತಿಲ್ಲದೆ ಕೊಟ್ಟಿದ್ದರೆ ಮುಚ್ಚಿಡದೆ, ಲಕ್ಷಣಗಳಿಗೆ ಕಾಯದೆ, ಮಾತ್ರೆಯ ಹಾಳೆಯೊಂದಿಗೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಪ್ರತ್ಯೌಷಧಿ ಇದೆ, ಆದರೆ ಹೊತ್ತು ಮೀರಬಾರದು.

ಐಬುಪ್ರೊಫೆನ್, ಆಸ್ಪಿರಿನ್, ಮನುಷ್ಯರ ನೆಗಡಿ ಸಿರಪ್ಪುಗಳದೂ ಇದೇ ಕಥೆ. ಎದೆಗೆ ಹಚ್ಚುವ ಕರ್ಪೂರದ ಮುಲಾಮು, ನೀಲಗಿರಿ ಎಣ್ಣೆ ಇವನ್ನು ಬೆಕ್ಕಿನ ಮೂಗಿಗೆ ಹಚ್ಚಲೂಬಾರದು, ಹಬೆಯ ನೀರಿಗೆ ಹಾಕಲೂಬಾರದು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಬೇಕಾದಷ್ಟಿದೆ.

• ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗು, ಕಣ್ಣುಗಳನ್ನು ದಿನಕ್ಕೆ ಎರಡು ಮೂರು ಸಲ ಮೆಲ್ಲಗೆ ಒರೆಸಬೇಕು. ಪ್ರತಿ ಕಣ್ಣಿಗೂ ಬೇರೆ ಹತ್ತಿ.

• ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿದ ಮೇಲೆ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು 10-15 ನಿಮಿಷ ಕೂರಬೇಕು. ಪಾತ್ರೆಯ ಬಿಸಿನೀರಿನ ಮೇಲೆ ಬೆಕ್ಕಿನ ಮುಖ ಹಿಡಿಯುವುದು ಬೇಡ. ಗಾಬರಿಯಾಗಿ ಹಾರಿ ಮೈ ಸುಟ್ಟುಕೊಂಡೀತು.

• ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಡಬೇಕು. ಬೆಚ್ಚಗಾದರೆ ವಾಸನೆ ಏಳುತ್ತದೆ. ಬೇಯಿಸಿದ ಬಂಗುಡೆ, ಬೂತಾಯಿ ಅಥವಾ ಈರುಳ್ಳಿ ಬೆಳ್ಳುಳ್ಳಿ ಹಾಕದ ಕೋಳಿಯ ತಿಳಿಸಾರು ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ಹಾನಿಕರ.

• ಬಟ್ಟಲು, ಹಾಸಿಗೆ, ಮಲದ ತಟ್ಟೆ ಬೇರೆಯಿಟ್ಟು, ಉಳಿದ ಬೆಕ್ಕುಗಳಿಂದ ದೂರವಿಡಬೇಕು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಪಾತ್ರೆಗಳನ್ನು ಸೋಪಿನಿಂದ ತೊಳೆದು, ಒಂದು ಭಾಗ ಬ್ಲೀಚಿಗೆ 32 ಭಾಗ ನೀರು ಬೆರೆಸಿ ಅದ್ದಿಟ್ಟು, ಮತ್ತೆ ಚೆನ್ನಾಗಿ ತೊಳೆದು ಒಣಗಿಸಿದರೆ ಕ್ಯಾಲಿಸಿ ಕೂಡ ಸಾಯುತ್ತದೆ.

ಲೈಸಿನ್ ಎಂಬ ಅಮೈನೋ ಆಮ್ಲದ ಪುಡಿ ಹರ್ಪಿಸ್‌ಗೆ ರಾಮಬಾಣವೆಂದು ಬಹುಕಾಲ ನಂಬಲಾಗಿತ್ತು. ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2015ರ ಅಧ್ಯಯನವೊಂದು ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಆಂಟಿಬಯಾಟಿಕ್ ಕೂಡ ವೈರಸ್ಸನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ವೈದ್ಯರಿಗೆ ಅನ್ನಿಸಿದಾಗ ಮಾತ್ರ ಅದು ಬೇಕು. ಸಾಮಾನ್ಯವಾಗಿ ಬರೆದುಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದ ಮೇಲೆ ತಪ್ಪದೆ ಸ್ವಲ್ಪ ನೀರೋ ಆಹಾರವೋ ಕೊಡಬೇಕು. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಸುಡುತ್ತದೆ.

ತಡ ಮಾಡಬಾರದ ಹೊತ್ತು

ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾಯಿ ಹಾಗೆ ತೇಕುವುದು ಸಹಜ, ಬೆಕ್ಕು ಹಾಗಲ್ಲ. ಒಂದು ಇಡೀ ದಿನ ಏನೂ ತಿನ್ನದಿದ್ದರೆ, ಕಣ್ಣು ಮುಚ್ಚಿಯೇ ಇದ್ದರೆ, ಸಿಂಬಳ ಹಳದಿ ಹಸಿರಾಗಿದ್ದರೆ, ರಕ್ತ ಬಂದರೆ, ಮುಖ ಊದಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಎಳೆಯ ಮರಿಯಾದರೆ ಅಷ್ಟೂ ಕಾಯಬಾರದು. ಬೇರೇನೂ ಇಲ್ಲದೆ ಬರೀ ಸೀನು ಎರಡು ವಾರ ಮೀರಿದರೂ ತೋರಿಸುವುದು ಲೇಸು.

ಮಕ್ಕಳಿಗೆ ಅಂಟುತ್ತದೆಯೇ?

ತಾಯಂದಿರ ಮೊದಲ ಪ್ರಶ್ನೆ ಇದೇ. ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು ಮನುಷ್ಯರಿಗೆ ಅಂಟುವುದಿಲ್ಲ. ಮಕ್ಕಳ ಸಾಮಾನ್ಯ ನೆಗಡಿಗೂ ಬೆಕ್ಕಿಗೂ ಸಂಬಂಧವಿಲ್ಲ. ಬೆಕ್ಕು ಎತ್ತಿಕೊಂಡಾಗಲೆಲ್ಲ ಮಗು ಸೀನುತ್ತಿದ್ದರೆ ಅದು ರೋಗ ಅಂಟಿದ್ದಲ್ಲ, ಅಲರ್ಜಿ. ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್ ಅದಕ್ಕೆ ಕಾರಣ. ಮಗುವಿಗೆ ಆಸ್ತಮಾ ಇದ್ದರೆ ಮಕ್ಕಳ ವೈದ್ಯರ ಸಲಹೆ ಪಡೆಯಬೇಕು.

ಅಪವಾದಗಳು ಇಲ್ಲವೆಂದಲ್ಲ. 2021ರ ಆಗಸ್ಟಿನಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾದಲ್ಲಿ ಕೋವಿಡ್ ಬಂದ ತಂದೆ ಮಗನ ಬೆಕ್ಕನ್ನು ಪರೀಕ್ಷಿಸುತ್ತಿದ್ದ ಪಶುವೈದ್ಯೆಯ ಮುಖಕ್ಕೇ ಅದು ಸೀನಿತು. ಆಕೆ ಮುಖಗವಸು, ಕೈಗವಸು ಧರಿಸಿದ್ದರು; ಕಣ್ಣಿಗೆ ರಕ್ಷಣೆಯಿರಲಿಲ್ಲ. ಕೆಲವೇ ದಿನಗಳಲ್ಲಿ ಆಕೆಗೂ ಕೋವಿಡ್ ಬಂತು. ವೈರಸ್ಸಿನ ತಳಿ ಪರೀಕ್ಷಿಸಿದಾಗ ಬೆಕ್ಕಿನದೂ ಆಕೆಯದೂ ಒಂದೇ ಎಂದು ತಿಳಿಯಿತು. ಆದರೆ ಇಂಥ ಪ್ರಸಂಗ ಬಲು ಅಪರೂಪ. ಆ ಬೆಕ್ಕಿಗೆ ರೋಗ ಬಂದದ್ದೂ ಮನುಷ್ಯರಿಂದಲೇ ಎಂದು ತಜ್ಞರು ಭಾವಿಸಿದರು. ಹಕ್ಕಿಜ್ವರದ ಎಚ್5ಎನ್1 ವೈರಸ್ ಬೆಕ್ಕುಗಳಿಗೆ ಮಾರಕ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲೂ ಅದು ಪತ್ತೆಯಾಯಿತು. ಬೆಕ್ಕಿಗೆ ಹಸಿ ಕೋಳಿಮಾಂಸ, ಕಾಯಿಸದ ಹಾಲು ಕೊಡದಿರುವುದು ಇದಕ್ಕಾಗಿ. ಸುತ್ತಮುತ್ತ ಕೋಳಿಗಳು ಸಾಯುತ್ತಿರುವಾಗ ಬೆಕ್ಕೂ ಕಾಯಿಲೆ ಬಿದ್ದರೆ ಮಕ್ಕಳನ್ನು ಅದರಿಂದ ದೂರವಿಟ್ಟು ಪಶುವೈದ್ಯರಿಗೆ ತಿಳಿಸಬೇಕು.

ಲಸಿಕೆ ಎಂಬ ಕೊಡೆ

ಹರ್ಪಿಸ್, ಕ್ಯಾಲಿಸಿ ಹಾಗೂ ಬೆಕ್ಕಿನ ಪ್ರಾಣಾಂತಿಕ ಭೇದಿರೋಗ ಪ್ಯಾನ್‌ಲ್ಯುಕೊಪೀನಿಯಾ ಈ ಮೂರಕ್ಕೂ ಸೇರಿಸಿ ಒಂದೇ ಲಸಿಕೆ ಇದೆ. ಮರಿಗೆ 6ರಿಂದ 8 ವಾರವಾದಾಗ ಶುರುಮಾಡಿ, 3-4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಕೊಡಿಸಬೇಕು. ಹಲವು ಸಲ ಏಕೆಂದರೆ, ತಾಯಿಯ ಹಾಲಿನಿಂದ ಬಂದ ರೋಗನಿರೋಧಕಗಳು ಇರುವವರೆಗೆ ಲಸಿಕೆ ಚೆನ್ನಾಗಿ ಹತ್ತುವುದಿಲ್ಲ. ಅವು ಯಾವ ವಾರ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಆರು ತಿಂಗಳು ಅಥವಾ ಒಂದು ವರ್ಷಕ್ಕೆ ಮತ್ತೊಂದು, ಆಮೇಲೆ ವೈದ್ಯರು ಹೇಳಿದಂತೆ. ರೇಬೀಸ್ ಲಸಿಕೆಯನ್ನೂ ಮರೆಯಬಾರದು.

ಈ ಲಸಿಕೆ ನೆಗಡಿಯನ್ನು ಪೂರ್ತಿ ತಡೆಯುವುದಿಲ್ಲ. ಕೊಡೆ ಹಿಡಿದವನ ಕಾಲು ನೆನೆಯುವಂತೆ, ಸ್ವಲ್ಪ ಸೀನು ಬಂದೀತು. ಆದರೆ ರೋಗ ಉಲ್ಬಣಿಸಿ ಸಾಯುವುದು ಬಹುಪಾಲು ತಪ್ಪುತ್ತದೆ. ಬೀದಿಯಿಂದ ತಂದ ಮರಿಯನ್ನು ಮನೆಯ ಬೆಕ್ಕಿನ ಜೊತೆ ಬಿಡುವ ಮುನ್ನ ಎರಡು ವಾರ ಬೇರೆ ಕೋಣೆಯಲ್ಲಿಡುವುದೂ ಅಷ್ಟೇ ಅಗತ್ಯ.

ವಿದ್ಯಾರ್ಥಿಗಳಿಗೊಂದು ಕೆಲಸ

ಪಶುವೈದ್ಯರ ಮುಂದೆ ಬೆಕ್ಕು ಸೀನುವುದೇ ಇಲ್ಲ. ಹೆದರಿ ಮುದುಡಿ ಕೂತಿರುತ್ತದೆ. ವೈದ್ಯರಿಗೆ ಆಧಾರ ಮನೆಯವರು ಹೇಳುವ ವಿವರ ಮಾತ್ರ. ಇಲ್ಲಿಯೇ ಮನೆಯ ಮಕ್ಕಳು ನೆರವಾಗಬಲ್ಲರು. ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಎಳೆದು ಹೀಗೆ ಬರೆಯಬೇಕು: ದಿನಾಂಕ, ಹೊತ್ತು, ಯಾವ ಕೋಣೆ, ಎಷ್ಟು ಸೀನು, ದ್ರವ ಬಂದದ್ದು ಒಂದು ಹೊಳ್ಳೆಯಿಂದಲೋ ಎರಡರಿಂದಲೋ, ಅದರ ಬಣ್ಣ, ಅಂದು ತಿಂದದ್ದೆಷ್ಟು. ಮನೆಗೆ ನೆಂಟರು ಬಂದದ್ದು, ಸಾಂಬ್ರಾಣಿ ಹಾಕಿದ್ದು, ಸುಣ್ಣಬಣ್ಣ ಹೊಡೆಸಿದ್ದು ಎಲ್ಲವನ್ನೂ ಪಕ್ಕದಲ್ಲಿ ಗುರುತಿಸಬೇಕು.

ಎರಡು ವಾರದ ನಂತರ ಓದಿದರೆ ಎಷ್ಟೋ ಸಲ ಕಾರಣ ತಾನಾಗಿ ಕಾಣುತ್ತದೆ. ಸೀನೆಲ್ಲ ಸಂಜೆ ಏಳು ಗಂಟೆಯ ಸುಮಾರಿಗೇ ಇದ್ದರೆ ಸೊಳ್ಳೆ ಬತ್ತಿಯನ್ನು ಸಂಶಯಿಸಬಹುದು. ಆಗ ಬತ್ತಿ ನಿಲ್ಲಿಸಿ, ಬೇರೆಲ್ಲವನ್ನೂ ಹಾಗೆಯೇ ಇಟ್ಟು ಒಂದು ವಾರ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸುವುದು ಪ್ರಯೋಗದ ನಿಯಮ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮನೆ ಬದಲಿಸಿ ಒಂದು ವಾರಕ್ಕೆ ಸೀನು ಶುರುವಾಗಿದ್ದರೆ ಹರ್ಪಿಸ್ಸಿನ ಸುಳಿವೂ ಆ ಹಾಳೆಯಲ್ಲೇ ಸಿಗುತ್ತದೆ.

ಬೆಕ್ಕು ತನ್ನ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಕಾಯಿಲೆ ಬಿದ್ದರೆ ಮೂಲೆ ಹಿಡಿದು ಕೂರುವುದು ಅದರ ಜಾಯಮಾನ. ಯಾರೂ ಗಮನಿಸದ ಮನೆಯಲ್ಲಿ ಅದು ಸದ್ದಿಲ್ಲದೆ ಸೊರಗುತ್ತದೆ. ದಿನಕ್ಕೆ ಐದು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ, ಕಂಡದ್ದನ್ನು ಬರೆದಿಡುವ ಒಬ್ಬ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ. ಉಳಿದರ್ಧಕ್ಕೆ ಪಶುವೈದ್ಯರಿದ್ದಾರೆ.